ವೀಸಾ ಫೈಲಿನೊಳಗೆ ನೂರು ವರ್ಷದ ಚರಿತ್ರೆ

ಗಲ್ಫ್ ವೀಸಾ ಎಂದರೇನು ಎಂದು ನಮ್ಮ ಬ್ಯಾರಿ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಫೀಲ್, ಮೆಡಿಕಲ್, ಇಖಾಮ ಇವೆಲ್ಲ ನಮ್ಮ ಉಮ್ಮಂದಿರ ಬಾಯಲ್ಲೂ ಇರುವ ಮಾತುಗಳು. ಈಗ ಮಕ್ಕಳು ಎಂ.ಎಸ್., ಪಿಎಚ್.ಡಿ. ಓದಲು ಅಮೆರಿಕಕ್ಕೆ ಅರ್ಜಿ ಹಾಕುತ್ತಿದ್ದಾರೆ. ಆ ವೀಸಾದ ಲೆಕ್ಕವೇ ಬೇರೆ. ಗಲ್ಫ್ ವೀಸಾ ಕೇಳುವುದು ನಿನ್ನನ್ನು ಕರೆಸಿಕೊಂಡವರು ಯಾರು ಎಂದು. ಅಮೆರಿಕದ ವಿದ್ಯಾರ್ಥಿ ವೀಸಾ ಮೂರು ಪ್ರಶ್ನೆ ಕೇಳುತ್ತದೆ: ನೀನು ಯಾರು, ಖರ್ಚು ಯಾರದು, ಓದು ಮುಗಿದ ಮೇಲೆ ಎಲ್ಲಿಗೆ? ನನ್ನ ತಂಗಿಯ ಮಗಳ ಫೈಲು ಜೋಡಿಸುವಾಗ ಈ ಪ್ರಶ್ನೆಗಳು ಎಲ್ಲಿಂದ ಬಂದವು ಎಂದು ಹುಡುಕಿ ಓದಿದೆ. ಬೇರೆ ಮನೆಗಳಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

1913ರಲ್ಲಿ ಬಿ.ಆರ್. ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಆಗ ವಿದ್ಯಾರ್ಥಿ ವೀಸಾ ಎಂಬುದೇ ಇರಲಿಲ್ಲ. ಖರ್ಚು ಕೊಟ್ಟವರು ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು. ಓದು ಮುಗಿಸಿ ಬಂದು ಹತ್ತು ವರ್ಷ ಬರೋಡ ಸಂಸ್ಥಾನದಲ್ಲಿ ಕೆಲಸ ಮಾಡಬೇಕೆಂದು ಬರೆಸಿಕೊಂಡವರೂ ಅವರೇ. ಅಂದರೆ ಮರಳಿ ಬರಬೇಕು ಎಂಬ ಷರತ್ತು ಹಾಕಿದ್ದು ದುಡ್ಡು ಕೊಟ್ಟವರು, ಗಡಿಯಲ್ಲಿ ಕುಳಿತ ಅಧಿಕಾರಿಯಲ್ಲ. 1917ರಲ್ಲಿ ಅವರು ಲಂಡನ್ನಿನಿಂದ ಊರಿಗೆ ಹೊರಟಾಗ ಪುಸ್ತಕಗಳಿದ್ದ ಸಾಮಾನು ಬೇರೆ ಹಡಗಿನಲ್ಲಿತ್ತು. ಯುದ್ಧಕಾಲದ ಟಾರ್ಪೆಡೊ ದಾಳಿಗೆ ಆ ಹಡಗು ಮುಳುಗಿತು. ಇಂದಿಗೂ ಮಕ್ಕಳಿಗೆ ನಾನು ಹೇಳುವ ಮೊದಲ ಮಾತು ಇದು: ಮೂಲ ಸರ್ಟಿಫಿಕೇಟುಗಳು, ಪಾಸ್‌ಪೋರ್ಟ್, ಐ-20 ಕೈಚೀಲದಲ್ಲೇ ಇರಲಿ, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಬೇಡ.

ಅದೇ 1917ರಲ್ಲಿ ಅಮೆರಿಕ ಹೊಸ ಕಾನೂನು ತಂದು, ಭಾರತವೂ ಸೇರಿದ ಏಷ್ಯಾದ ದೊಡ್ಡ ಭಾಗದಿಂದ ವಲಸೆ ಬರುವುದನ್ನು ನಿಲ್ಲಿಸಿತು. ಕೂಲಿಗೆ ಹೋಗುವವನಿಗೆ ಬಾಗಿಲು ಮುಚ್ಚಿತು, ವಿದ್ಯಾರ್ಥಿಗೆ ಮಾತ್ರ ವಿನಾಯಿತಿ ಸಿಕ್ಕಿತು. 1924ರ ಕಾನೂನು ಆ ವಿನಾಯಿತಿಗೆ ನಿಯಮ ಬರೆಯಿತು. ವಿದ್ಯಾರ್ಥಿಗೆ 15 ವರ್ಷ ತುಂಬಿರಬೇಕು, ಓದುವುದಕ್ಕೆಂದೇ ಬರಬೇಕು, ಸರಕಾರ ಒಪ್ಪಿದ ಸಂಸ್ಥೆಯಲ್ಲೇ ಓದಬೇಕು, ಅವನು ಓದು ಬಿಟ್ಟರೆ ಸಂಸ್ಥೆ ಸರಕಾರಕ್ಕೆ ತಿಳಿಸಬೇಕು. ಇಂದಿನ ಐ-20 ಕಾಗದದ ಬೇರು ಇಲ್ಲಿದೆ. ಅದನ್ನು ಕೊಡುವುದು ಕಾಲೇಜು, ಆದರೆ ಕಾಲೇಜು ಅಲ್ಲಿ ಸರಕಾರದ ಪರವಾಗಿ ಲೆಕ್ಕ ಇಡುವ ಕೆಲಸವನ್ನೂ ಮಾಡುತ್ತದೆ.

1952ರ ಕಾನೂನಿನಲ್ಲಿ 'ಎಫ್' ಎಂಬ ವರ್ಗ ಬಂತು. ಸ್ವದೇಶದಲ್ಲಿ ಮನೆಯಿದೆ, ಅದನ್ನು ಬಿಟ್ಟುಬಿಡುವ ಉದ್ದೇಶವಿಲ್ಲ ಎಂದು ವಿದ್ಯಾರ್ಥಿಯೇ ತೋರಿಸಬೇಕು. ಅದೇ ಕಾನೂನಿನ 214(ಬಿ) ಕಲಮು, ಅರ್ಜಿದಾರ ಅಲ್ಲೇ ನೆಲೆಸಲು ಬರುತ್ತಿದ್ದಾನೆ ಎಂದು ಮೊದಲೇ ಊಹಿಸಿಕೊಳ್ಳಲು ಅಧಿಕಾರಿಗೆ ಹೇಳುತ್ತದೆ. ಹಾಗಲ್ಲ ಎಂದು ತೋರಿಸುವ ಹೊರೆ ನಮ್ಮದು. ವೀಸಾ ಸಿಗದೆ ಬಂದ ಹುಡುಗನ ಕೈಯಲ್ಲಿ ಈ ಕಲಮಿನ ಚೀಟಿ ಇದ್ದರೆ, ಅವನು ಏನೋ ತಪ್ಪು ಮಾಡಿದ್ದಾನೆ ಎಂದು ಊರಲ್ಲಿ ಮಾತಾಡುತ್ತಾರೆ. ಹಾಗೇನೂ ಇಲ್ಲ. ಅಧಿಕಾರಿಗೆ ಮನದಟ್ಟಾಗಲಿಲ್ಲ ಅಷ್ಟೆ, ಮತ್ತೆ ಅರ್ಜಿ ಹಾಕಬಹುದು.

ಇನ್ನು ನಮ್ಮ ದೇಶದ ಕಡೆಯ ಕಥೆ. 1967ರವರೆಗೆ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರಕಾರದ ಮರ್ಜಿ. ಆ ವರ್ಷ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ಮೂವರು ನ್ಯಾಯಮೂರ್ತಿಗಳು, ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದರು. ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. 1983ರ ವಲಸೆ ಕಾಯ್ದೆಯ ಇ.ಸಿ.ಆರ್. ಗುರುತು ನಮ್ಮ ಮನೆಗಳಿಗೆ ಚೆನ್ನಾಗಿ ಗೊತ್ತು. ಅದಿದ್ದರೆ ಅಮೆರಿಕಕ್ಕೆ ತೊಂದರೆಯೇ ಎಂದು ಹಲವರು ಕೇಳುತ್ತಾರೆ. ಎಮಿಗ್ರೇಷನ್ ಅನುಮತಿ ಬೇಕಾದ 18 ದೇಶಗಳ ಪಟ್ಟಿಯಲ್ಲಿ ಅಮೆರಿಕ ಇಲ್ಲ.

ದುಡ್ಡಿನ ವಿಷಯದಲ್ಲಿ ಕಾಲ ಬದಲಾಗಿದೆ. ಹಿಂದೆ ಡಾಲರ್ ಬೇಕಾದರೆ ರಿಸರ್ವ್ ಬ್ಯಾಂಕಿನ ಅನುಮತಿಗೆ ಕಾಯಬೇಕಿತ್ತು. 2004ರಲ್ಲಿ ಒಬ್ಬರು ವರ್ಷಕ್ಕೆ 25,000 ಡಾಲರ್ ಕಳಿಸಬಹುದೆಂದಾಯಿತು, ಈಗ ಅದು 2,50,000. ಈಗಿನ ಕಷ್ಟ ಕಳಿಸುವುದರಲ್ಲಿಲ್ಲ, ಇದೆ ಎಂದು ತೋರಿಸುವುದರಲ್ಲಿದೆ. ಕನಿಷ್ಠ ಮೊದಲ ವರ್ಷದ ಖರ್ಚು ಕೈಗೆ ಸಿಗುವಂತಿದೆ ಎಂದು ದಾಖಲೆ ಬೇಕು. ಸಾಲ, ಉಪ್ಪನ ಗಲ್ಫ್ ಸಂಬಳ, ಅಡವಿಟ್ಟ ಚಿನ್ನ, ಯಾವುದಾದರೂ ಸರಿ, ಎಲ್ಲಿಂದ ಬಂತು ಎಂದು ಮಗುವಿಗೇ ಹೇಳಲು ಗೊತ್ತಿರಬೇಕು. ಇಂಟರ್‌ವ್ಯೂ ಕೆಲವೇ ನಿಮಿಷ, ಉತ್ತರ ಕೊಡಬೇಕಾದವರು ಉಪ್ಪನಲ್ಲ.

ಮುಸ್ಲಿಂ ಹೆಸರಿಗೆ ವೀಸಾ ಕೊಡುವುದಿಲ್ಲವಂತೆ ಎಂಬ ಮಾತು ಕೇಳಿ ಅರ್ಜಿಯನ್ನೇ ಹಾಕದವರನ್ನು ನಾನು ಬಲ್ಲೆ. ಈ ಭಯಕ್ಕೂ ಚರಿತ್ರೆಯಿದೆ. 1979ರಲ್ಲಿ ಟೆಹ್ರಾನಿನ ರಾಯಭಾರ ಕಚೇರಿಯಲ್ಲಿ ಅಮೆರಿಕನ್ನರನ್ನು ಒತ್ತೆಯಿಟ್ಟಾಗ, ಅಮೆರಿಕದಲ್ಲಿದ್ದ ಇರಾನಿ ವಿದ್ಯಾರ್ಥಿಗಳೆಲ್ಲ ವಲಸೆ ಕಚೇರಿಗೆ ಬಂದು ವರದಿ ಮಾಡಬೇಕೆಂದು ಆಜ್ಞೆಯಾಯಿತು. 2001ರ ದಾಳಿಯ ನಂತರ, 2002ರಲ್ಲಿ 25 ದೇಶಗಳ ಗಂಡಸರಿಗೆ ವಿಶೇಷ ನೋಂದಣಿ ಬಂತು. ಒಂದನ್ನು ಬಿಟ್ಟರೆ ಎಲ್ಲವೂ ಮುಸ್ಲಿಂ ಬಹುಸಂಖ್ಯಾತ ದೇಶಗಳು. ಭಾರತ ಆ ಪಟ್ಟಿಯಲ್ಲಿರಲಿಲ್ಲ. 2011ರಲ್ಲಿ ಅದು ನಿಂತಿತು, 2016ರ ಕೊನೆಗೆ ನಿಯಮವೇ ರದ್ದಾಯಿತು. ಉಳಿದದ್ದು 2003ರಲ್ಲಿ ಶುರುವಾದ ಸೆವಿಸ್ ಎಂಬ ಕಂಪ್ಯೂಟರ್ ಲೆಕ್ಕ. ಅದು ಎಲ್ಲ ದೇಶದ, ಎಲ್ಲ ಧರ್ಮದ ವಿದ್ಯಾರ್ಥಿಗಳಿಗೂ ಒಂದೇ. ನಮ್ಮ ಹೆಸರಿನ ಮಕ್ಕಳಿಗೆ ಹೆಚ್ಚಿನ ತಪಾಸಣೆ ಆಗಬಹುದು, ವೀಸಾ ಕೆಲವು ವಾರ ತಡವಾಗಬಹುದು. ಅದಕ್ಕೆ ಮದ್ದು ಬೇಗ ಅರ್ಜಿ ಹಾಕುವುದು. ಕೋರ್ಸ್ ಆರಂಭಕ್ಕೆ 365 ದಿನ ಮೊದಲೇ ವೀಸಾ ಪಡೆಯಬಹುದು, ಆದರೆ 30 ದಿನಕ್ಕಿಂತ ಮೊದಲು ಒಳಗೆ ಬಿಡುವುದಿಲ್ಲ.

ನಾವು ಗಡಿನಾಡಿನವರು ಹೆಚ್ಚು ಜಾಗ್ರತೆ ವಹಿಸಬೇಕಾದ್ದು ಹೆಸರಿನಲ್ಲಿ. ಕಾಸರಗೋಡು 1956ರವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು, ನಂತರ ಕೇರಳಕ್ಕೆ ಹೋಯಿತು. ಹೆರಿಗೆಗೆ ನಾವು ಇಂದಿಗೂ ಮಂಗಳೂರಿಗೆ ಹೋಗುತ್ತೇವೆ. ಹಾಗಾಗಿ ನನ್ನ ತಂಗಿಯ ಮಗಳ ಜನನ ಪತ್ರ ಕರ್ನಾಟಕದ್ದು, ಕನ್ನಡದಲ್ಲಿ. ರೇಷನ್ ಕಾರ್ಡ್ ಮಲಯಾಳದಲ್ಲಿ. ಎಸ್ಸೆಸ್ಸೆಲ್ಸಿ ಕೇರಳದ್ದು. ಅವಳ ಉಪ್ಪನ ಹೆಸರಿನ 'ಮುಹಮ್ಮದ್' ಇಂಗ್ಲಿಷಿನಲ್ಲಿ ಮೂರು ಕಡೆ ಮೂರು ತರ. ಅವಳ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ಹಾಗಿದ್ದರೆ ಅಮೆರಿಕದ ವೀಸಾದಲ್ಲಿ ಅದೇ ಹೆಸರು ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್.ಎನ್.ಯು., ಅಂದರೆ 'ಮೊದಲ ಹೆಸರು ತಿಳಿಯದು' ಎಂದು ಬೀಳುತ್ತದೆ. ಅಲ್ಲಿ ಬ್ಯಾಂಕಿನಿಂದ ಡ್ರೈವಿಂಗ್ ಲೈಸೆನ್ಸಿನವರೆಗೆ ಅದೇ ಹೆಸರು ಹಿಂದೆ ಬರುತ್ತದೆ. ಒಂದು ಕಚೇರಿಯಲ್ಲಿ, ಬೇರೆ ರಾಜ್ಯದ ಜನನ ಪತ್ರ ಎಂದು ನಮ್ಮನ್ನು ಎರಡು ಸಲ ವಾಪಸು ಕಳಿಸಿದರು. ಆದರೂ ಕಾಲೇಜಿಗೆ ಅರ್ಜಿ ಹಾಕುವ ಮೊದಲೇ ಪಾಸ್‌ಪೋರ್ಟ್ ಸರಿಯಾದ್ದರಿಂದ ಐ-20, ಸಾಲದ ಪತ್ರ, ವೀಸಾ ಎಲ್ಲದರಲ್ಲೂ ಒಂದೇ ಹೆಸರು ಬಂತು.

ಗಲ್ಫಿನಲ್ಲಿ ಬೆಳೆದ ಮಕ್ಕಳಿಗೆ ಇನ್ನೊಂದು ಮಾತು. 2025ರ ಸೆಪ್ಟೆಂಬರ್‌ನಿಂದ, ಸ್ವಂತ ದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲಿ ಮಾತ್ರ ಇಂಟರ್‌ವ್ಯೂಗೆ ಹೋಗಬೇಕೆಂದು ಅಮೆರಿಕ ಹೇಳಿದೆ. ದುಬೈಯಲ್ಲಿ ಹೋಗುವುದಾದರೆ ಅಲ್ಲಿನ ರೆಸಿಡೆನ್ಸಿ ಚಾಲ್ತಿಯಲ್ಲಿರಲಿ. ಅದೇ ವರ್ಷದ ಜೂನ್‌ನಿಂದ ಸೋಶಿಯಲ್ ಮೀಡಿಯಾ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಬೇಕು.

ವೀಸಾ ಸಿಕ್ಕ ಮೇಲೂ ಲೆಕ್ಕ ಮುಗಿಯುವುದಿಲ್ಲ. ಅಲ್ಲಿ ಮನೆ ಬದಲಿಸಿದರೆ ಹತ್ತು ದಿನದೊಳಗೆ ತಿಳಿಸಬೇಕು, ಅನುಮತಿಯಿಲ್ಲದೆ ಕೋರ್ಸ್ ಕಡಿಮೆ ಮಾಡಬಾರದು, ಪೆರ್ನಾಳಿಗೋ ಮದುವೆಗೋ ಊರಿಗೆ ಬರುವ ಮೊದಲು ಐ-20ರಲ್ಲಿ ಪ್ರಯಾಣದ ಸಹಿ ಹೊಸದಾಗಿದೆಯೇ ನೋಡಬೇಕು. ಆ ಸಹಿಗೆ ಒಂದು ವರ್ಷ ಆಯುಸ್ಸು.

ಮಗುವಿಗೆ ಪ್ಲಸ್ ಟೂ ಮುಗಿಯುವಾಗಲೇ ಜನನ ಪತ್ರ, ಎಸ್ಸೆಸ್ಸೆಲ್ಸಿ, ಪಾಸ್‌ಪೋರ್ಟ್ ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ವ್ಯತ್ಯಾಸವಿದ್ದರೆ ತಿದ್ದಿಸಲು ಆಗ ಸಮಯ ಇರುತ್ತದೆ.