ಸೆಟ್ಟಿನ ಬೆಲೆ, ಸೆಲ್ಲಿನ ಖರ್ಚು

ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಂಥ ಊರಿನ ಬಡಮನೆಗೆ ಮೊದಲು ಬಂದ ಹಾಡುವ ಪೆಟ್ಟಿಗೆ ಯಾವುದು, ಅದೇ ಯಾಕೆ ಬಂತು ಎಂದರೆ 'ಅಗ್ಗವಾಗಿತ್ತು, ಅದಕ್ಕೇ' ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಅದು ಅರ್ಧ ನಿಜ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆಬಯಲಿನಲ್ಲಿ ದುಡ್ಡು ಬರುವ ರೀತಿಯೇ ಬೇರೆ. ಅಷ್ಟಗ್ರಾಮದ ಸಕ್ಕರೆ ಕಾರ್ಖಾನೆ ಪಾಲಹಳ್ಳಿಯಲ್ಲಿ ಶುರುವಾದದ್ದು 1847ರಲ್ಲಿ; ಕೃಷ್ಣರಾಜಸಾಗರದ ನೀರು ಹರಿದ ಮೇಲೆ, 1933ರಲ್ಲಿ, ಮಂಡ್ಯದ ಕಾರ್ಖಾನೆ ಬಂತು. ಕಬ್ಬು ಬೆಳೆದವನ ಕೈಗೆ ವರ್ಷಕ್ಕೊಮ್ಮೆ ಬಿಲ್ಲಿನ ದುಡ್ಡು ಇಡಿಯಾಗಿ ಬೀಳುತ್ತದೆ, ಉಳಿದ ತಿಂಗಳುಗಳು ಸಾಲದಲ್ಲೇ ಸಾಗುತ್ತವೆ. ಇಂಥವನು ದುಬಾರಿ ವಸ್ತುವನ್ನು ಒಂದು ಸಲ ಕೊಂಡಾನು, ತಿಂಗಳು ತಿಂಗಳೂ ಕೈ ಬಿಚ್ಚಬೇಕಾದ ವಸ್ತುವನ್ನು ಸಾಕಲಾರ. ಯಾವ ಪೆಟ್ಟಿಗೆ ಮನೆಯೊಳಗೆ ನಿಂತಿತು, ಯಾವುದು ನಿಲ್ಲಲಿಲ್ಲ ಎಂಬುದನ್ನು ಕೊಳ್ಳುವ ಬೆಲೆಗಿಂತ ಸಾಕುವ ಖರ್ಚೇ ಹೆಚ್ಚಾಗಿ ತೀರ್ಮಾನಿಸಿತು ಎನ್ನುವುದು ನನ್ನ ವಾದ.

ಗ್ರಾಮಾಫೋನಿಗೆ ಕರೆಂಟು ಬೇಕಿರಲಿಲ್ಲ, ಕೀಲಿ ಕೊಟ್ಟರೆ ಸಾಕಿತ್ತು. ಆದರೆ ನಿಮಿಷಕ್ಕೆ ಎಪ್ಪತ್ತೆಂಟು ಸುತ್ತು ತಿರುಗುವ ತಟ್ಟೆಯ ಒಂದು ಬದಿ ಮೂರು ಚಿಲ್ಲರೆ ನಿಮಿಷಕ್ಕೇ ಮುಗಿಯುತ್ತಿತ್ತು, ಉಕ್ಕಿನ ಮುಳ್ಳನ್ನು ಪದೇಪದೇ ಬದಲಿಸಬೇಕಿತ್ತು, ಹೊಸ ಹಾಡು ಬೇಕೆಂದರೆ ಹೊಸ ತಟ್ಟೆಯನ್ನೇ ತರಬೇಕಿತ್ತು. ರೇಡಿಯೋ ಈ ಲೆಕ್ಕವನ್ನು ತಿರುಗಿಸಬಹುದಿತ್ತು, ಅದರಲ್ಲಿ ಹಾಡಿಗೆ ಕಾಸು ಕೊಡಬೇಕಿಲ್ಲವಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಪಾಲಹಳ್ಳಿಗೆ ಮೈಸೂರು ದೂರವೇನಲ್ಲ. ದೂರವಿದ್ದದ್ದು ಕರೆಂಟು. ಶಿವನಸಮುದ್ರದ ವಿದ್ಯುತ್ತು 1902ರಲ್ಲೇ ಸುಮಾರು 150 ಕಿಲೋಮೀಟರ್ ಸಾಗಿ ಕೋಲಾರದ ಚಿನ್ನದ ಗಣಿ ಮುಟ್ಟಿತ್ತು, ಕಾವೇರಿ ದಂಡೆಯ ಹಳ್ಳಿಮನೆಗಳು ಮಾತ್ರ ಸೀಮೆಎಣ್ಣೆ ಬುಡ್ಡಿಯಲ್ಲೇ ದಶಕಗಳನ್ನು ಕಳೆದವು. ಕರೆಂಟಿಲ್ಲದ ಮನೆಗೆಂದು ಬಂದ ವಾಲ್ವ್ ಸೆಟ್ಟಿಗೆ ತೊಂಬತ್ತು ವೋಲ್ಟಿನ ದಪ್ಪ ಬ್ಯಾಟರಿಯೊಂದು, ವಾಲ್ವುಗಳ ತಂತಿ ಕಾಯಿಸಲು ಒಂದೂವರೆ ವೋಲ್ಟಿನ ಇನ್ನೊಂದು ಬೇಕಿತ್ತು. ಬ್ಯಾಟರಿ ಮುಗಿದರೆ ಸೆಟ್ಟು ಬರೀ ಮರದ ಪೆಟ್ಟಿಗೆ. ಮೇಲಿಂದ ವರ್ಷವರ್ಷವೂ ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸಿನ ಹಣ ಕಟ್ಟಬೇಕಿತ್ತು. ಬಡವರ ಕಿವಿಗೆ ಮೊದಲು ಬಿದ್ದ ರೇಡಿಯೋ ಅವರದಾಗಿರಲಿಲ್ಲ, ಪಂಚಾಯಿತಿ ಕಟ್ಟೆಯದೋ ಕಾಫಿ ಹೋಟೆಲಿನದೋ ಆಗಿತ್ತು ಎಂಬುದಕ್ಕೆ ಕಾರಣ ಇಲ್ಲೇ ಇದೆ. ಸಾಕುವ ಖರ್ಚನ್ನು ಊರು ಹೊತ್ತಿತ್ತು, ಇಲ್ಲವೆ ಒಂದು ಲೋಟ ಕಾಫಿ ಹೊತ್ತಿತ್ತು.

ಟ್ರಾನ್ಸಿಸ್ಟರ್ ಗೆದ್ದದ್ದೂ ಇದೇ ಲೆಕ್ಕದಲ್ಲಿ. ವಾಲ್ವಿನ ಹಾಗೆ ಅದರಲ್ಲಿ ತಂತಿ ಕಾಯಿಸಬೇಕಿಲ್ಲ. ನಾಲ್ಕು ಟಾರ್ಚಿನ ಸೆಲ್ಲು ಹಾಕಿದರೆ ವಾರಗಟ್ಟಲೆ ಬರುತ್ತದೆ, ಸೆಲ್ಲು ಸಂತೆಯಲ್ಲೂ ಸಿಗುತ್ತದೆ. ಬೆಂಗಳೂರಿನ ಪ್ರಸಾರಕ್ಕೆ, 1974ರಲ್ಲಿ ಮತ್ತೆ ಶುರುವಾದ ಮೈಸೂರು ನಿಲಯಕ್ಕೆ, ಮೀಡಿಯಂ ವೇವ್ ಒಂದೇ ಸಾಕಾಗಿತ್ತು. ರೇಡಿಯೋ ಸಿಲೋನ್ ಬೇಕೆನ್ನುವವರಿಗೆ ಮಾತ್ರ ಶಾರ್ಟ್ ವೇವಿನ ಬ್ಯಾಂಡೂ ಬೇಕಿತ್ತು. ಇಲ್ಲೊಂದು ಆಕ್ಷೇಪ ಏಳುತ್ತದೆ: ಹಳೇ ಮೈಸೂರಿನಲ್ಲಿ ರೇಡಿಯೋ ಬಂದದ್ದು ಅಳಿಯನಿಗೆ ಕೊಡುವ ವಾಚು, ಸೈಕಲ್ಲಿನ ಸಾಲಿನಲ್ಲಿ, ಅದು ಅಂತಸ್ತಿನ ಮಾತು, ಖರ್ಚಿನ ಲೆಕ್ಕವೆಲ್ಲಿ ಬಂತು? ಅಂತಸ್ತು ಇತ್ತು, ಒಪ್ಪುತ್ತೇನೆ. ಆದರೆ ಕೊಟ್ಟ ಮಾವ ಸೆಲ್ಲು ತಂದುಕೊಡುತ್ತಿರಲಿಲ್ಲ. ಇಳಿದ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ಎಳೆಯುತ್ತಿದ್ದ ಅಭ್ಯಾಸವೇ, ಅಂತಸ್ತು ಎಲ್ಲಿಗೆ ಮುಗಿದು ಲೆಕ್ಕ ಎಲ್ಲಿಂದ ಶುರುವಾಗುತ್ತಿತ್ತು ಎನ್ನುವುದಕ್ಕೆ ಸಾಕ್ಷಿ.

ಟೇಪ್ ರೆಕಾರ್ಡರ್ ಈ ವಾದಕ್ಕೆ ತಿರುಗಿಬೀಳುವಂತೆ ಕಾಣುತ್ತದೆ. ರೇಡಿಯೋ, ಟೇಪು ಒಂದೇ ಪೆಟ್ಟಿಗೆಯಲ್ಲಿದ್ದ ಟೂ-ಇನ್-ವನ್ ಮೋಟಾರು ತಿರುಗಿಸಬೇಕಾದ್ದರಿಂದ ಬರೀ ರೇಡಿಯೋಗಿಂತ ಬೇಗ ಸೆಲ್ಲು ತಿನ್ನುತ್ತದೆ, ಆದರೂ 1980ರ ದಶಕದಲ್ಲಿ ಅದು ಹಳ್ಳಿಗಳನ್ನು ಹೊಕ್ಕಿತು. ಅಷ್ಟರಲ್ಲಿ ಎರಡು ಖರ್ಚು ಇಳಿದಿದ್ದವು. ಸರ್ಕಾರದ ಭಾಗ್ಯಜ್ಯೋತಿ ಯೋಜನೆಯ ಒಂದು ಬಲ್ಬಾದರೂ ಬಡಮನೆಗೆ ಬಂದಿತ್ತು. ಬಲ್ಬಿಗಷ್ಟೇ ಎಂದು ಕೊಟ್ಟ ಹೋಲ್ಡರಿನಿಂದ ಟೇಪಿಗೂ ವೈರು ಎಳೆದರೆ ತಡೆಯುವವರು ಯಾರು? ಇನ್ನೊಂದು, ಹಾಡಿನ ಖರ್ಚು. ಗ್ರಾಮಾಫೋನ್ ತಟ್ಟೆಯನ್ನು ಅಳಿಸಿ ಬರೆಯಲಾಗದು. ಖಾಲಿ ಕ್ಯಾಸೆಟ್ಟಿನಲ್ಲಿ ಈ ವರ್ಷ ಮದುವೆಯ ಸೋಬಾನೆ ತುಂಬಿಸಿ ಮುಂದಿನ ವರ್ಷ ಅದರ ಮೇಲೇ ಬೇರೇನಾದರೂ ತುಂಬಬಹುದು. ಗುರುರಾಜುಲು ನಾಯ್ಡು ಅವರ ಹರಿಕಥೆಯ ಒಂದು ಕ್ಯಾಸೆಟ್ಟು ಕೈಯಿಂದ ಕೈಗೆ ದಾಟಿ ಬೀದಿಯನ್ನೆಲ್ಲ ಸುತ್ತಬಹುದು. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯಗಳು ಪುಸ್ತಕ ಹಿಡಿಯದ ಮನೆಗಳನ್ನು ಮುಟ್ಟಿದ್ದರಲ್ಲೂ ಈ ಅಗ್ಗದ ಟೇಪಿನ ಪಾತ್ರ ದೊಡ್ಡದು. ನೀರಾವರಿ ಕಡಿಮೆಯಿದ್ದ ನಾಗಮಂಗಲದ ಕಡೆ ಕಬ್ಬಿನ ಬಿಲ್ಲಿನಂಥ ಇಡಿಗಂಟು ಅಪರೂಪ; ಅಲ್ಲಿ ಇಂಥ ಎರವಲಿಗೆ ಇನ್ನೂ ಹೆಚ್ಚಿನ ಬೆಲೆ.

ಹಾಗಾದರೆ ಬಡವರಿಗೆ ನಾದದ ರುಚಿ ಬೇಡವಾಗಿತ್ತೇ? ಈ ಆಕ್ಷೇಪವನ್ನು ಮಡಕೆಯೇ ತಳ್ಳಿಹಾಕುತ್ತದೆ. ಬಿಡಿ ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕೂರಿಸಿದರೆ ಒಳಗಿನ ಗಾಳಿ ಮೊಳಗಿ ತಮಟೆಯ ಪೆಟ್ಟು ತುಂಬಿಕೊಂಡು ಬರುತ್ತದೆ. ಮರದ ಬಾಕ್ಸಿನ ದುಡ್ಡು ಉಳಿಯಿತು, ಬೇಕಾದ ಗುಂಯ್ ಎನ್ನುವ ದನಿಯೂ ಸಿಕ್ಕಿತು. ಅಂಗಡಿಯ ಕಂಪನಿ ಸೆಟ್ಟು ಬಿಟ್ಟು, ಟಿಬಿಎ 810 ಎಂಬ ಐಸಿ ಚಿಪ್ಪನ್ನು ಬೆಸೆದ ಆಂಪ್ಲಿಫೈಯರು, ಕಾರಿನಿಂದ ಕಳಚಿದ ಟೇಪ್ ಡೆಕ್ಕು, ಒಂದು ಟ್ರಾನ್ಸ್‌ಫಾರ್ಮರು ಸೇರಿಸಿ 'ಅಸೆಂಬಲ್ ಸೆಟ್ಟು' ಮಾಡಿಸಿಕೊಂಡವರು ಬೆಲೆ ಕಡಿಮೆಯೆಂದು ಮಾತ್ರ ಮಾಡಿಸಲಿಲ್ಲ. ಐಸಿ ಸುಟ್ಟರೆ ಐಸಿಯೊಂದನ್ನೇ ಬದಲಿಸಬಹುದಿತ್ತು, ಕೂಡಿಸಿದ ರಿಪೇರಿಯವನು ಸಂತೆಯೂರಿನಲ್ಲೇ ಸಿಗುತ್ತಿದ್ದ, ಅವನಿಗೆ ಕೊಡಬೇಕಾದ ಕೂಲಿ ಮುಂದಿನ ಕಬ್ಬಿನ ಬಿಲ್ಲಿನವರೆಗೆ ಬಾಕಿ ನಿಲ್ಲುತ್ತಿತ್ತು.