ವೇಕೋ ಪಟ್ಟಣದ ಗಗನಚುಂಬಿ

ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಬ್ರಾಜೋಸ್ ನದಿಯ ದಡದ ಮೇಲಿರುವ ವೇಕೋ ಪಟ್ಟಣವು, 1870ರಲ್ಲಿ ಆ ನದಿಗೆ 475 ಅಡಿಗಳ ತೂಗುಸೇತುವೆಯನ್ನು ಕಟ್ಟಿ ದನಗಾಹಿಗಳಿಗೂ ವರ್ತಕರಿಗೂ ದಾರಿಮಾಡಿಕೊಟ್ಟ ತರುವಾಯ, ಹತ್ತಿಯ ವ್ಯಾಪಾರದಿಂದ ಕ್ರಮಕ್ರಮವಾಗಿ ಅಭಿವೃದ್ಧಿಹೊಂದಿತು. ಆದರೂ 1910ರ ಜನಗಣತಿಯಲ್ಲಿ ಅದರ ನಿವಾಸಿಗಳ ಸಂಖ್ಯೆ ಇಪ್ಪತ್ತಾರು ಸಾವಿರವನ್ನು ಸ್ವಲ್ಪವೇ ಮೀರಿದ್ದಿತು. ಇಂಥ ಪಟ್ಟಣದಲ್ಲಿ, ಮರುವರ್ಷವೇ, 22 ಅಂತಸ್ತುಗಳ ಸೌಧವೊಂದು ತಲೆಯೆತ್ತಿ, ಟೆಕ್ಸಾಸಿನಲ್ಲೆಲ್ಲ ಅತ್ಯುನ್ನತವೆಂಬ ಕೀರ್ತಿಗೆ ಪಾತ್ರವಾಯಿತು.

ಅದನ್ನು ಕಟ್ಟಿಸಿದುದು ಅಮಿಕಬಲ್ ಜೀವವಿಮಾ ಕಂಪನಿ. ಆ ಕಂಪನಿಯ ಇಂಗ್ಲಿಷ್ ಹೆಸರಿನ ಆದ್ಯಕ್ಷರಗಳಿಂದಲೇ ಆ ಸೌಧಕ್ಕೆ ಆಲಿಕೋ ಎಂಬ ಹೆಸರು. ವಿಮೆಯ ವ್ಯವಹಾರಕ್ಕೆ ವಿಶ್ವಾಸವೇ ಮೂಲಧನ. ಇಂದು ಕಂತು ಕಟ್ಟುವವನು, ತನ್ನ ಮರಣಾನಂತರ ಹೆಂಡತಿಮಕ್ಕಳ ಕೈಗೆ ಹಣ ಸೇರುವುದೆಂದು ನಂಬಬೇಕಾದರೆ, ಕಂಪನಿಯು ಅಂದಿಗೂ ಅಚಲವಾಗಿ ನಿಂತಿರುವುದೆಂಬ ಭರವಸೆ ಅವನಿಗಿರಬೇಕು. ಆ ಭರವಸೆಯನ್ನು ಊರವರೆಲ್ಲರ ಕಣ್ಣಿಗೆ ಕಾಣಿಸಿದುದು ಈ ಎತ್ತರ. ಷಿಕಾಗೋ ನಗರದಲ್ಲಿ 1885ರಲ್ಲಿ ಲೋಹದ ಚೌಕಟ್ಟಿನ ಮೇಲೆ ನಿಂತು, ಗಗನಚುಂಬಿಗಳ ಕುಲಕ್ಕೆ ಮೂಲವೆನಿಸಿಕೊಂಡ ಕಟ್ಟಡವೂ ವಿಮಾ ಕಂಪನಿಯೊಂದರದೇ.

ಪೂರ್ವಕಾಲದ ಕಟ್ಟಡಗಳಲ್ಲಿ ಭಾರ ಹೊರುತ್ತಿದ್ದುದು ಗೋಡೆ. ಅಂತಸ್ತುಗಳು ಹೆಚ್ಚಿದಷ್ಟೂ ಬುಡದ ಗೋಡೆಗಳನ್ನು ದಪ್ಪಮಾಡಬೇಕಾಗುತ್ತಿತ್ತು. ಉಕ್ಕಿನ ಕಂಬತೊಲೆಗಳು ಆ ಭಾರವನ್ನು ವಹಿಸಿಕೊಂಡ ಬಳಿಕ, ಗೋಡೆಯು ಅಸ್ಥಿಪಂಜರದ ಮೇಲಣ ಚರ್ಮದಂತೆ ಕೇವಲ ಹೊದಿಕೆಯಾಯಿತು. ಹಗ್ಗ ಹರಿದರೂ ಕೆಳಗೆ ಬೀಳದ ಲಿಫ್ಟನ್ನು ಎಲಿಷಾ ಓಟಿಸ್ ಅದಕ್ಕೂ ಹಿಂದೆಯೇ ರೂಪಿಸಿದ್ದುದರಿಂದ, ಮೇಲಣ ಅಂತಸ್ತುಗಳೂ ಉಪಯೋಗಕ್ಕೆ ಬಂದವು. ವಾಸ್ತುಶಿಲ್ಪಿಗಳಾದ ಸ್ಯಾಂಗಿನೆಟ್ ಮತ್ತು ಸ್ಟಾಟ್ಸ್, ಅವರೊಡನೆ ರಾಯ್ ಲೇನ್, ಈ ವಿದ್ಯೆಯನ್ನೇ ವೇಕೋವಿನಲ್ಲಿ ಪ್ರಯೋಗಿಸಿದರು.

ಟೆಕ್ಸಾಸಿನಲ್ಲಿ ಅಗ್ರಸ್ಥಾನವು ಬಹುಬೇಗನೆ ಅನ್ಯರ ಪಾಲಾಯಿತು. ಆದರೆ 1953ರ ಮೇ 11ರ ಸಂಜೆ ಭೀಕರವಾದ ಸುಂಟರಗಾಳಿಯೊಂದು ಪಟ್ಟಣದ ಹೃದಯಭಾಗದ ಮೇಲೆರಗಿ, 114 ಮಂದಿಯನ್ನು ಬಲಿತೆಗೆದುಕೊಂಡು, ಇಟ್ಟಿಗೆಯ ಅನೇಕ ಕಟ್ಟಡಗಳನ್ನು ನೆಲಸಮಮಾಡಿದಾಗ, ಆಲಿಕೋ ಸೌಧವು ಹೆಚ್ಚಿನ ಹಾನಿಯಿಲ್ಲದೆ ನಿಂತಿತು.

ಊರಿಗೆ ಮೆರುಗು ಬೇಕೆಂದು ಎತ್ತರವಾಗಿ ಕಟ್ಟುವವರು ಎಲ್ಲ ದೇಶಗಳಲ್ಲಿಯೂ ಉಂಟು. ವೇಕೋವಿನ ನಿರ್ಮಾಪಕರಾದರೋ, ಯಾರ ಕಣ್ಣಿಗೂ ಬೀಳದ ಚೌಕಟ್ಟಿನಲ್ಲಿಯೂ ಲೋಪಮಾಡಲಿಲ್ಲ. ವಿಪತ್ಕಾಲದಲ್ಲಿ ನಿಲ್ಲುವೆನೆಂಬುದು ವಿಮೆಯ ವಾಗ್ದಾನ. ನಲವತ್ತೆರಡು ವರ್ಷಗಳ ತರುವಾಯ ಅದನ್ನು ಅವರ ಕಟ್ಟಡವೇ ಅಕ್ಷರಶಃ ನಡೆಸಿಕೊಟ್ಟಿತು. ಸಣ್ಣ ಊರಿನ ಮಹತ್ತ್ವಾಕಾಂಕ್ಷೆಗೆ ಇದಕ್ಕಿಂತ ಗೌರವಾರ್ಹವಾದ ಸಮರ್ಥನೆ ಮತ್ತೊಂದು ಬೇಕಾಗಿಲ್ಲ.