ಹೆತ್ತ ಕರುಳು, ನೊಂದ ಕರುಳು

ಕನ್ನಡದಲ್ಲಿ ಕರುಳಿಗೆ ದೊಡ್ಡ ಮರ್ಯಾದೆಯಿದೆ. ತಾಯಿಯದು ಹೆತ್ತ ಕರುಳು, ಮಕ್ಕಳು ಕರುಳ ಕುಡಿಗಳು. ಪರರ ಸಂಕಟ ಕಂಡರೆ ನಮ್ಮ ಕರುಳು ಚುರ್ ಎನ್ನುತ್ತದೆ. ಆದರೆ ಅದೇ ಕರುಳಿಗೆ ಕಾಯಿಲೆ ಬಂದಾಗ ಮಾತ್ರ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಎದೆನೋವನ್ನು ಊರಿಗೆಲ್ಲ ಹೇಳಿಕೊಳ್ಳುತ್ತೇವೆ, ಸಕ್ಕರೆ ಕಾಯಿಲೆಯನ್ನು ಮದುವೆಯ ಊಟದ ಸಾಲಿನಲ್ಲೇ ಕುಳಿತು ಚರ್ಚಿಸುತ್ತೇವೆ. ದಿನಕ್ಕೆ ಹತ್ತು ಹದಿನೈದು ಸಲ ಕಕ್ಕಸಿಗೆ ಓಡುವವರು, ಮಲದಲ್ಲಿ ರಕ್ತ ಕಂಡವರು ಮಾತ್ರ ಅದನ್ನು ಮನೆಯವರಿಗೂ ಹೇಳದೆ ನುಂಗಿಕೊಳ್ಳುತ್ತಾರೆ.

ನಮ್ಮ ಹತ್ತಿರದ ಬಂಧುಗಳ ಮನೆಯಲ್ಲೇ ಇದನ್ನು ಕಂಡಿದ್ದೇವೆ. ಹತ್ತೊಂಬತ್ತು ವರ್ಷದ ಹುಡುಗಿ. ಹೊಟ್ಟೆನೋವು, ಜ್ವರ, ಭೇದಿ, ದಿನದಿಂದ ದಿನಕ್ಕೆ ಇಳಿಯುತ್ತಿದ್ದ ತೂಕ. ಕರುಳಿನ ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸಿದರು. ಕೊನೆಗೆ ಅದು ಕ್ರಾನ್ಸ್ ಎಂಬ ಕಾಯಿಲೆಯೆಂದು ತಿಳಿಯಿತು. ಅಷ್ಟು ದಿನವೂ ಅವಳ ತಾಯಿ, ನಮ್ಮ ಚಾಚಿ, ಬಂದವರಿಗೆಲ್ಲ ಹೇಳುತ್ತಿದ್ದ ಮಾತು ಒಂದೇ: “ಇವಳ ಹೊಟ್ಟೆಯ ವಿಷಯ ಯಾರ ಮುಂದೆಯೂ ಆಡಬೇಡಿ. ನಾಳೆ ಇವಳ ನಿಕಾಹ್ ಆಗಬೇಕು.” ಈ ಮೌನವನ್ನು ಜಗತ್ತಿನಲ್ಲಿ ಮೊದಲು ಮುರಿದವರು ಯಾರು ಎಂದು ನಾವು ಹುಡುಕಲು ಹೊರಟಿದ್ದು ಅಲ್ಲಿಂದ.

ಕರುಳಿನ ಉರಿಯೂತದ ಕಾಯಿಲೆಗಳಲ್ಲಿ ಮುಖ್ಯವಾದವು ಎರಡು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರವನ್ನು ಹುಣ್ಣಾಗಿಸುತ್ತದೆ. ಕ್ರಾನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಂಡು ಕರುಳಿನ ಗೋಡೆಯ ಆಳಕ್ಕೆ ಇಳಿಯಬಲ್ಲದು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಇಲ್ಲಿ ಕರುಳಿನ ಮೇಲೆ ತಿರುಗಿಬೀಳುತ್ತದೆ. ಇವು ಅಂಟುರೋಗಗಳಲ್ಲ. ಔಷಧಿಯಿಂದ ಹತೋಟಿಗೆ ಬರುತ್ತವೆ, ಬುಡಸಮೇತ ಹೋಗುವುದಿಲ್ಲ. ಹೆಚ್ಚಾಗಿ ಓದುವ, ದುಡಿಯುವ, ಮದುವೆಯಾಗುವ ವಯಸ್ಸಿನಲ್ಲೇ ಬರುತ್ತವೆ.

1859ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ ಮೊದಲನೆಯದನ್ನು ಗುರುತಿಸಿದರು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರಾನ್, ಲಿಯಾನ್ ಗಿನ್ಸ್‌ಬರ್ಗ್ ಮತ್ತು ಗಾರ್ಡನ್ ಓಪನ್‌ಹೈಮರ್ ಹದಿನಾಲ್ಕು ರೋಗಿಗಳ ವಿವರ ಕೊಟ್ಟು ಎರಡನೆಯದರ ಬಗ್ಗೆ ಬರೆದರು. ಲೇಖಕರ ಹೆಸರುಗಳು ಅಕ್ಷರಾನುಕ್ರಮದಲ್ಲಿದ್ದುದರಿಂದ ಕ್ರಾನ್ ಅವರ ಹೆಸರೇ ಕಾಯಿಲೆಗೆ ಉಳಿಯಿತು.

ಹೆಸರು ಸಿಕ್ಕಿತು, ಕಾರಣ ಸಿಗಲಿಲ್ಲ. ಕಾರಣ ಸಿಗದ ಕಡೆ ಆರೋಪಿಯನ್ನು ಹುಡುಕುವುದು ಮನುಷ್ಯರ ಹಳೆಯ ಚಾಳಿ. 1930ರಿಂದೀಚೆಗೆ ಕೊಲೈಟಿಸ್ ಮನಸ್ಸಿನಿಂದ ಬರುವ ಕಾಯಿಲೆ ಎಂಬ ವಾದ ಬೆಳೆಯಿತು. ಷಿಕಾಗೊದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ 1950ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನೂ ಅಂಥ ಕಾಯಿಲೆಗಳ ಸಾಲಿಗೆ ಸೇರಿಸಿದರು. ರೋಗಿ ಎಳಸು ಮನಸ್ಸಿನವನು, ಅವನ ತಾಯಿ ಎಲ್ಲದರ ಮೇಲೂ ಅಧಿಕಾರ ನಡೆಸುವವಳು, ಆ ಬಿಗಿಯೇ ಮಗುವಿನ ಕರುಳನ್ನು ಹುಣ್ಣಾಗಿಸಿದೆ ಎಂದು ಬರೆದವರಿದ್ದರು. ಒಬ್ಬ ತಾಯಿಯ ಸ್ಥಿತಿಯನ್ನು ನೆನೆಯಿರಿ. ಹಗಲಿರುಳು ಮಗುವಿನ ಬಟ್ಟೆ ಒಗೆದು, ಗಂಜಿ ಕಾಯಿಸಿ, ಆಸ್ಪತ್ರೆಗೆ ಹೊತ್ತು ತಂದರೆ, ಕಾಯಿಲೆಗೆ ಕಾರಣ ನೀನೇ ಎಂಬ ತೀರ್ಪು ಅವಳಿಗಾಗಿ ಕಾದಿರುತ್ತಿತ್ತು! ಆ ವಾದವನ್ನು ವೈದ್ಯಶಾಸ್ತ್ರವೇ ಆಮೇಲೆ ಕೈಬಿಟ್ಟಿತು. ಆದರೆ ಒಂದೆರಡು ತಲೆಮಾರಿನ ತಾಯಂದಿರು ಅದನ್ನು ಹೊತ್ತುಕೊಂಡೇ ಬದುಕಿದರು.

ಮೌನ ಮೊದಲು ಬಿರುಕು ಬಿಟ್ಟಿದ್ದು ಶಸ್ತ್ರಚಿಕಿತ್ಸೆಯಾದವರ ನಡುವೆ. ಕಾಯಿಲೆ ಕೈಮೀರಿದಾಗ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕಟ್ಟುತ್ತಾರೆ. ಇದಕ್ಕೆ ಇಲಿಯಾಸ್ಟಮಿ ಎಂದು ಹೆಸರು. ಜೀವ ಉಳಿಯುತ್ತಿತ್ತು. ಆದರೆ ಆ ಚೀಲದೊಂದಿಗೆ ಹೇಗೆ ಮಲಗಬೇಕು, ಹೇಗೆ ಸ್ನಾನ ಮಾಡಬೇಕು, ಹೆಂಡತಿಯ ಎದುರು ಹೇಗೆ ನಿಲ್ಲಬೇಕು ಎಂಬುದನ್ನು ಯಾವ ವೈದ್ಯನೂ ಹೇಳಿಕೊಡಲಾರ. 1951ರಲ್ಲಿ ಅದೇ ಮೌಂಟ್ ಸೈನಾಯ್ ಆಸ್ಪತ್ರೆಯಲ್ಲಿ ಸರ್ಜನ್ ಆಲ್ಬರ್ಟ್ ಲಯನ್ಸ್ ಅವರ ಬೆಂಬಲದಿಂದ ಅಂಥ ರೋಗಿಗಳು ಒಂದು ಗುಂಪು ಕಟ್ಟಿಕೊಂಡರು. ತಾವು ಮಲಗಿದ್ದ ಕ್ಯೂ ಮತ್ತು ಟಿ ವಾರ್ಡುಗಳ ಹೆಸರನ್ನೇ ಗುಂಪಿಗೂ ಇಟ್ಟರು. ಮರುವರ್ಷ ಬ್ರಿಟನ್ನಿನ ಸರ್ಜನ್ ಬ್ರಯಾನ್ ಬ್ರೂಕ್ ಕರುಳಿನ ತುದಿಯನ್ನು ಹೊರಮಗುಚಿ ಹೊಲಿಯುವ ಸುಧಾರಿತ ವಿಧಾನವನ್ನು ಪ್ರಕಟಿಸಿದರು. 1956ರಲ್ಲಿ ಅಲ್ಲಿ ಇಲಿಯಾಸ್ಟಮಿ ರೋಗಿಗಳ ಸಂಘ ಹುಟ್ಟಿತು. ಅದೇ ವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಕ್ರಾನ್ಸ್ ಕಾಯಿಲೆಗಾಗಿ ಶಸ್ತ್ರಚಿಕಿತ್ಸೆಯಾಗಿ, ಕರುಳಿನ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂತು.

ಇಲ್ಲಿ ನಾರ್ಮಾ ಗಿಲ್ ಎಂಬ ಗೃಹಿಣಿಯನ್ನು ನೆನೆಯಲೇಬೇಕು. ವರ್ಷಗಟ್ಟಲೆ ಕೊಲೈಟಿಸ್‌ನಿಂದ ನರಳಿದ ಈಕೆಗೆ 1954ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ರೂಪರ್ಟ್ ಟರ್ನ್‌ಬುಲ್ ಇಲಿಯಾಸ್ಟಮಿ ಮಾಡಿದರು. ಗುಣವಾದ ಮೇಲೆ ಆಕೆ ಬೇರೆ ರೋಗಿಗಳಿಗೆ ಚೀಲ ನಿಭಾಯಿಸುವುದನ್ನು ಹೇಳಿಕೊಡತೊಡಗಿದರು. 1958ರಲ್ಲಿ ಟರ್ನ್‌ಬುಲ್ ಆಕೆಯನ್ನು ಅದೇ ಆಸ್ಪತ್ರೆಯ ಕೆಲಸಕ್ಕೆ ಸೇರಿಸಿಕೊಂಡರು. 1961ರಲ್ಲಿ ಇಬ್ಬರೂ ಸೇರಿ ತರಬೇತಿ ಶಾಲೆಯೊಂದನ್ನು ತೆರೆದರು. ಇಂದು ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿರುವ ಸ್ಟೋಮಾ ನರ್ಸ್‌ಗಳ ವೃತ್ತಿ ಹುಟ್ಟಿದ್ದು ಹೀಗೆ, ರೋಗಿಯೊಬ್ಬಳ ಅನುಭವದಿಂದ.

1967ರಲ್ಲಿ ನ್ಯೂಯಾರ್ಕಿನ ಎರಡು ಕುಟುಂಬಗಳು ಇನ್ನೊಂದು ಹೆಜ್ಜೆ ಮುಂದಿಟ್ಟವು. ವಿಲಿಯಂ ಮತ್ತು ಶೆಲ್ಬಿ ಮಾಡೆಲ್ ಕ್ರೀಡಾಸಾಮಗ್ರಿಯ ವ್ಯಾಪಾರಸ್ಥ ಮನೆತನದವರು. ಇನ್ನೊಂದು ಜೋಡಿ ಇರ್ವಿನ್ ಮತ್ತು ಸುಝಾನ್ ರೋಸೆಂತಾಲ್. ಮೌಂಟ್ ಸೈನಾಯ್‌ನ ಜಠರ-ಕರುಳು ತಜ್ಞ ಹೆನ್ರಿ ಜಾನೋವಿಟ್ಸ್ ಅವರ ಜೊತೆಗೂಡಿದರು. ಐವರೂ ಸೇರಿ ಕಟ್ಟಿದ ಸಂಸ್ಥೆಯೇ ಇಂದಿನ ಕ್ರಾನ್ಸ್ ಅಂಡ್ ಕೊಲೈಟಿಸ್ ಫೌಂಡೇಷನ್. ಸಂಶೋಧನೆಗೆ ಹಣ ಕೂಡಿಸುವುದು, ರೋಗಿಗಳಿಗೂ ವೈದ್ಯರಿಗೂ ತಿಳಿವಳಿಕೆ ಕೊಡುವುದು, ಮನೆಯವರಿಗೆ ಆಸರೆಯಾಗುವುದು ಅದರ ಕೆಲಸ. ಕಾಯಿಲೆಯ ಮಕ್ಕಳಿಗೆಂದೇ ಅದು ಬೇಸಿಗೆ ಶಿಬಿರಗಳನ್ನೂ ನಡೆಸುತ್ತ ಬಂದಿದೆ. ತನ್ನಂತೆಯೇ ಗುಳಿಗೆ ನುಂಗುವ, ತನ್ನಂತೆಯೇ ಮಧ್ಯೆ ಮಧ್ಯೆ ಎದ್ದು ಓಡುವ ಇನ್ನೊಂದು ಮಗುವನ್ನು ಎಷ್ಟೋ ಮಕ್ಕಳು ಮೊದಲ ಬಾರಿಗೆ ಕಾಣುವುದು ಅಲ್ಲೇ.

ನಾವು ಕಥೆ ಬರೆಯುವವರು. ಕಥೆಯಾಗಿದ್ದರೆ ಇಲ್ಲಿ ಮಾಡೆಲ್ ದಂಪತಿಯ ಮಗ ಗುಣವಾಗುತ್ತಿದ್ದ. ಚರಿತ್ರೆ ಅಷ್ಟು ದಯಾಳುವಲ್ಲ. 1998ರಲ್ಲಿ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಹೊಸ ಬಗೆಯ ಔಷಧಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿ ಕ್ರಾನ್ಸ್ ಚಿಕಿತ್ಸೆಯ ದಿಕ್ಕೇ ಬದಲಾಯಿತು. ಆದರೂ 2001ರಲ್ಲಿ ಮೈಕೆಲ್ ಮಾಡೆಲ್ ಅದೇ ಕಾಯಿಲೆಯ ತೊಡಕುಗಳಿಂದ ತೀರಿಕೊಂಡರು. ತಂದೆತಾಯಿ ಸಂಸ್ಥೆ ಕಟ್ಟಿ ಆಗ ಮೂವತ್ತನಾಲ್ಕು ವರ್ಷ ಕಳೆದಿತ್ತು. ತಮ್ಮ ಕುಡಿಗಾಗಿ ನೆಟ್ಟ ಮರದ ನೆರಳು ಬೇರೆಯವರ ಮಕ್ಕಳ ಮೇಲೆ ಬಿತ್ತು.

ಬ್ರಿಟನ್ನಿನಲ್ಲೂ ದಾರಿ ತೋರಿಸಿದವರು ಮನೆಯವರೇ. 1978ರಲ್ಲಿ ಕ್ರಾನ್ಸ್ ಇರುವ ಮಕ್ಕಳ ಪೋಷಕರು ಸಿಕ್ರಾ ಎಂಬ ಸಂಸ್ಥೆ ಕಟ್ಟಿದರು. ಮರುವರ್ಷ ಈಗ ಕ್ರಾನ್ಸ್ ಅಂಡ್ ಕೊಲೈಟಿಸ್ ಯುಕೆ ಎಂದು ಕರೆಯಲಾಗುವ ಸಂಘ ಹುಟ್ಟಿತು. ಅದು ತನ್ನ ಸದಸ್ಯರಿಗೆ ಕೊಟ್ಟ ಒಂದು ಸಣ್ಣ ಕಾರ್ಡು ನಮ್ಮ ಮನಸ್ಸಿನಲ್ಲಿ ಉಳಿದಿದೆ. ಇವರಿಗೆ ಕಾಯಿಲೆಯಿದೆ, ತಡೆಯಲಾಗುವುದಿಲ್ಲ, ದಯವಿಟ್ಟು ನಿಮ್ಮ ಶೌಚಾಲಯ ಬಳಸಲು ಬಿಡಿ ಎಂಬುದು ಅದರ ಸಾರ. ಅಂಗಡಿಯಾತನೆದುರು ಬಾಯಿಬಿಟ್ಟು ಹೇಳಲಾಗದ್ದನ್ನು ಆ ಕಾರ್ಡು ಹೇಳುತ್ತಿತ್ತು.

ಅಮೆರಿಕದಲ್ಲಿ ಇದೇ ಮಾತು ಕಾನೂನಾಯಿತು. ಆಲಿ ಬೇನ್ ಎಂಬ ಹದಿನಾಲ್ಕರ ಹುಡುಗಿ ತಾಯಿಯೊಡನೆ ಅಂಗಡಿಗೆ ಹೋದಾಗ ಹೊಟ್ಟೆ ತಡೆಯಲಾಗಲಿಲ್ಲ. ಸಿಬ್ಬಂದಿಯ ಶೌಚಾಲಯ ಬಳಸಲು ಅಂಗಡಿಯವರು ಬಿಡಲಿಲ್ಲ. ಆಗಬಾರದ್ದು ಎಲ್ಲರೆದುರೇ ಆಗಿಹೋಯಿತು. ತಾಯಿ ಮಗಳು ಮನೆ ಸೇರಿ ಬಾಗಿಲು ಹಾಕಿಕೊಂಡು ಅಳುತ್ತ ಕೂರಲಿಲ್ಲ. ತಮ್ಮ ಶಾಸಕಿ ಕ್ಯಾಥಿ ರಿಗ್ ಅವರ ಬಳಿ ಹೋದರು. 2005ರಲ್ಲಿ ಇಲಿನಾಯ್ ರಾಜ್ಯ ಇಂಥ ರೋಗಿಗಳಿಗೆ ಅಂಗಡಿಗಳ ಶೌಚಾಲಯ ಬಳಸುವ ಹಕ್ಕು ಕೊಟ್ಟಿತು. ಜನ ಅದನ್ನು ಆಲಿಯ ಕಾನೂನು ಎಂದೇ ಕರೆಯುತ್ತಾರೆ. ಬೇರೆ ಹಲವು ರಾಜ್ಯಗಳೂ ಅದನ್ನು ಅನುಸರಿಸಿದವು.

ಉರ್ದು ಶಾಲೆಯಲ್ಲಿ ಓದಿದ ನಮಗೆ ಇದನ್ನು ತಿಳಿದಾಗ ಎರಡು ಶಬ್ದಗಳು ನೆನಪಾದವು. ಹಳೆಯ ಉರ್ದುವಿನಲ್ಲಿ ಶೌಚಾಲಯಕ್ಕೆ ‘ಜಾಯೆ ಜರೂರ್’ ಎನ್ನುತ್ತಿದ್ದರು, ಅಗತ್ಯದ ಜಾಗ ಎಂದು. ಇನ್ನೊಂದು ಶಬ್ದ ‘ಮಾಜೂರ್’. ಈಗ ಅದಕ್ಕೆ ಅಂಗವಿಕಲ ಎಂಬ ಅರ್ಥ ಬಂದಿದೆ. ಮೂಲದಲ್ಲಿ ಯಾರ ಅಡಚಣೆಯನ್ನು ಒಪ್ಪಿಕೊಂಡು ವಿನಾಯಿತಿ ಕೊಡಲಾಗಿದೆಯೋ ಅವರು ಮಾಜೂರ್. ಕಾಯಿಲೆಯಿಂದ ವುಝೂ ನಿಲ್ಲದವರು ನಮಾಝಿನ ಹೊತ್ತಿಗೆ ಹೊಸದಾಗಿ ವುಝೂ ಮಾಡಿಕೊಂಡರೆ ಸಾಕು, ನಡುವೆ ಏನಾದರೂ ನಮಾಝ್ ಕೆಡದು ಎಂದು ಫಿಕ್ಹ್‌ನ ವಿದ್ವಾಂಸರು ಶತಮಾನಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಮಸೀದಿಯ ಸಾಲಿನಲ್ಲಿ ಒಪ್ಪಿಕೊಂಡಿದ್ದನ್ನು ಮದುವೆಯ ಮಾತುಕತೆಯಲ್ಲಿ, ಬಸ್ ನಿಲ್ದಾಣದಲ್ಲಿ ನಾವು ಏಕೆ ಒಪ್ಪುವುದಿಲ್ಲ?

ಇದು ಬಿಳಿಯರ ಕಾಯಿಲೆ, ನಮಗೇಕೆ ಎಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಲೆಸ್ಟರ್ ಪ್ರದೇಶದಲ್ಲಿ ನೆಲೆಸಿದ ಭಾರತೀಯ ಮೂಲದವರಲ್ಲಿ ಕೊಲೈಟಿಸ್ ಅಲ್ಲಿನ ಬಿಳಿಯರಿಗಿಂತ ಹೆಚ್ಚು ಎಂದು 1992ರಲ್ಲೇ ಅಧ್ಯಯನವೊಂದು ತೋರಿಸಿತು. 2003ರಲ್ಲಿ ಪ್ರಕಟವಾದ ಪಂಜಾಬಿನ ಸಮೀಕ್ಷೆಯಲ್ಲಿ ಒಂದು ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಕೊಲೈಟಿಸ್ ಕಂಡುಬಂತು. ಕ್ರಾನ್ಸ್ ಮತ್ತು ಕರುಳಿನ ಕ್ಷಯದ ಲಕ್ಷಣಗಳು ಒಂದನ್ನೊಂದು ಹೋಲುವುದರಿಂದ ನಮ್ಮ ದೇಶದಲ್ಲಿ ಅನುಭವಿ ವೈದ್ಯರೂ ತಡವರಿಸುತ್ತಾರೆ. ಆ ಗೊಂದಲದಲ್ಲಿ ರೋಗಿಯ ತಿಂಗಳುಗಳು ಕಳೆದುಹೋಗುತ್ತವೆ. ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಂಡವರಿಗಾಗಿ 1975ರಲ್ಲಿ ಮುಂಬಯಿಯಲ್ಲಿ ಸಂಘ ಹುಟ್ಟಿದ್ದು ನಮ್ಮ ಪುಣ್ಯ. ಆದರೆ ತಾಲ್ಲೂಕಿನ ಪೇಟೆಯೊಂದರಲ್ಲಿ ಕುಳಿತ ತಾಯಿಗೆ ಮುಂಬಯಿ ಬಹಳ ದೂರ.

ಈ ಸಂಸ್ಥೆಗಳೆಲ್ಲ ದೋಷವಿಲ್ಲದವು ಎಂದು ನಾವು ಹೇಳುವುದಿಲ್ಲ. ದೊಡ್ಡದಾಗುತ್ತ ಹೋದಂತೆ ಅವುಗಳ ಖರ್ಚೂ ಬೆಳೆಯುತ್ತದೆ, ಔಷಧಿ ಕಂಪೆನಿಗಳ ದೇಣಿಗೆಯೂ ಬರುತ್ತದೆ. ಔಷಧಿ ಮಾರುವವರ ಹಣ ಪಡೆದು ಅದರ ದುಬಾರಿ ಬೆಲೆಯ ವಿರುದ್ಧ ದನಿಯೆತ್ತುವುದು ಸುಲಭವಲ್ಲ. ಈ ಪ್ರಶ್ನೆಯನ್ನು ಮುಂದಾಳುಗಳು ತಮಗೆ ತಾವೇ ಕೇಳಿಕೊಳ್ಳುತ್ತಿರಬೇಕು. ಅಷ್ಟಾದರೂ ಒಂದು ಮಾತು ಉಳಿಯುತ್ತದೆ. ಯಾವ ಮನೆಯವರನ್ನು ಒಂದು ಕಾಲದಲ್ಲಿ ಕಾಯಿಲೆಗೆ ಕಾರಣರೆಂದು ಕಟಕಟೆಯಲ್ಲಿ ನಿಲ್ಲಿಸಲಾಗಿತ್ತೋ ಅವರೇ ಎದ್ದು ಬಂದು ಸಂಶೋಧನೆಗೆ ಹಣ ತಂದರು, ನರ್ಸ್‌ಗಳಿಗೆ ಪಾಠ ಹೇಳಿದರು, ಕಾನೂನು ಬರೆಸಿದರು.

ಅವರ ಮೊದಲ ಬಂಡವಾಳ ಹಣವಲ್ಲ, ನಮ್ಮ ಮನೆಯಲ್ಲಿ ಹೀಗಾಗಿದೆ ಎಂದು ಇನ್ನೊಬ್ಬರ ಮುಂದೆ ಹೇಳುವ ಧೈರ್ಯ. ಅದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಕಳೆದ ಸಲ ತಪಾಸಣೆಗೆ ಹೋದಾಗ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಚಾಚಿಯ ಪಕ್ಕದಲ್ಲಿ ಇನ್ನೊಬ್ಬ ತಾಯಿ ಕುಳಿತಿದ್ದರು. ಮಗನಿಗೆ ಅದೇ ಕಾಯಿಲೆ. ಸ್ವಲ್ಪ ಹೊತ್ತು ಇಬ್ಬರೂ ಫೈಲು ಹಿಡಿದುಕೊಂಡು ಸುಮ್ಮನಿದ್ದರು. ಆಮೇಲೆ ಚಾಚಿ ಅವರ ಕಡೆ ತಿರುಗಿ ಕೇಳಿದರು: “ನಿಮ್ಮ ಮಗ ಬಸ್ಸಿನಲ್ಲಿ ಹೇಗೆ ಹೋಗಿ ಬರ್ತಾನಮ್ಮಾ?”

ಆ ಮಾತು ಡಾಕ್ಟರು ಕರೆಯುವವರೆಗೂ ನಿಲ್ಲಲಿಲ್ಲ.